ಹಲ್ಲಿನ ಬೇರಿನಲ್ಲಿ ಸ್ಪರ್ಶ ಮತ್ತು ಸಂಸ್ಕಾರ

ಮನುಷ್ಯನ ಹಲ್ಲು ದವಡೆಯ ಮೂಳೆಗೆ ನೇರವಾಗಿ ಬೆಸೆದುಕೊಂಡಿರುವುದಿಲ್ಲ. ಬೇರಿನ ಹೊರಮೈಯನ್ನು ಹೊದ್ದಿರುವ ಸಿಮೆಂಟಮ್ ಎಂಬ ತೆಳುವಾದ ಗಡಸು ಪದರಕ್ಕೂ ಆ ಬೇರು ಕುಳಿತಿರುವ ಮೂಳೆಯ ಗುಳಿಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ಎಡೆಯಿದ್ದು, ನಾರು, ರಕ್ತನಾಳ, ನರ ಮತ್ತು ಜೀವಕೋಶಗಳಿಂದ ತುಂಬಿದ ಆ ಎಡೆಯ ಅಂಗಾಂಶವನ್ನು ದಂತವೈದ್ಯರು ಪೆರಿಯೊಡಾಂಟಲ್ ಲಿಗಮೆಂಟ್ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ದಂತರಜ್ಜು ಎಂದು ಕರೆಯಲಾಗಿದೆ. ಅದರ ನಾರುಗಳ ಒಂದು ತುದಿ ಸಿಮೆಂಟಮ್ಮಿನಲ್ಲಿ, ಇನ್ನೊಂದು ತುದಿ ಮೂಳೆಯಲ್ಲಿ ಹೂತುಹೋಗಿ ಹಲ್ಲನ್ನು ಗುಳಿಯೊಳಗೆ ತೂಗುಹಾಕಿದಂತೆ ಹಿಡಿದಿರುತ್ತವೆ. ಭಾರತೀಯ ವೈದ್ಯಗ್ರಂಥಗಳು ಈ ಕೀಲನ್ನು ಗಮನಿಸದೆ ಬಿಟ್ಟಿಲ್ಲ: ಚರಕಸಂಹಿತೆ ಮೂಳೆಗಳನ್ನು ಎಣಿಸುವಾಗ 32 ಹಲ್ಲುಗಳನ್ನೂ ಅವುಗಳ 32 ಗುಳಿಗಳನ್ನೂ ಬೇರೆಬೇರೆಯಾಗಿ ಲೆಕ್ಕಕ್ಕೆ ಹಿಡಿಯುತ್ತದೆ, ಸುಶ್ರುತಸಂಹಿತೆ ಹಲ್ಲಿನ ಸಂಧಿಯನ್ನು ಕಂಕುಳು ಮತ್ತು ತೊಡೆಸಂದುಗಳ ಜೊತೆಗೆ ಉಲೂಖಲ, ಅಂದರೆ ಒರಳಿನಾಕಾರದ ಸಂಧಿಗಳ ಗುಂಪಿಗೆ ಸೇರಿಸುತ್ತದೆ. ಗುಳಿಯನ್ನೂ ಬೇರನ್ನೂ ಅಷ್ಟು ಸ್ಪಷ್ಟವಾಗಿ ಕಂಡವರಿಗೆ ಅವೆರಡರ ನಡುವಿನ ಪೊರೆಯ ಬದುಕು ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅದು ಯಾರಿಗೂ ಕಾಣುವಂಥದಲ್ಲ.

ಆ ಪೊರೆಯಲ್ಲಿ ನಡೆಯುವ ಸಂಗತಿಯೊಂದು ದರ್ಶನಶಾಸ್ತ್ರದ ಹಳೆಯ ಪ್ರಶ್ನೆಯನ್ನು ಮತ್ತೆ ಕೆದಕುತ್ತದೆ. ಹಲ್ಲಿನ ಮೇಲೆ ಬಿದ್ದ ಒಂದೇ ಒತ್ತಡವನ್ನು ಅಲ್ಲಿ ಎರಡು ಬಗೆಯ ಗ್ರಾಹಕಗಳು ಹಿಡಿಯುತ್ತವೆ. ನರತುದಿಗಳು ಹಿಡಿದದ್ದು ಅರೆಕ್ಷಣದಲ್ಲಿ ಮಿದುಳನ್ನು ತಲುಪಿ, ಅನ್ನದಲ್ಲಿ ಕಲ್ಲು ಸಿಕ್ಕಿತು ಎಂಬ ಅರಿವಾಗುತ್ತದೆ. ನಾರು ನೇಯುವ ಕೋಶಗಳೂ ಮೂಳೆ ಕಟ್ಟುವ ಕೋಶಗಳೂ ಹಿಡಿದದ್ದು ಯಾರ ಅರಿವಿಗೂ ಬಾರದೆ, ದಿನಗಟ್ಟಲೆ ವಾರಗಟ್ಟಲೆ ನಡೆಯುವ ಕೆಲಸವಾಗಿ, ಒಂದು ಕಡೆ ಮೂಳೆಯನ್ನು ಕರಗಿಸಿ ಇನ್ನೊಂದು ಕಡೆ ಮೂಳೆಯನ್ನು ಕಟ್ಟಿ, ಹಲ್ಲಿನ ನೆಲೆಯನ್ನೇ ಬದಲಿಸುತ್ತದೆ. ಸ್ಥಳ ಒಂದೇ, ಒತ್ತಡ ಒಂದೇ, ಗಳಿಗೆ ಒಂದೇ. ಆದರೂ ಒಂದು ಅನುಭವವಾಯಿತು, ಇನ್ನೊಂದು ಆಗಲಿಲ್ಲ. ಹಾಗಾದರೆ ಸ್ಪರ್ಶವು ತಾನಾಗಿಯೇ ಅರಿವಾಗಬಲ್ಲುದೇ, ಅಥವಾ ಅದನ್ನು ಅರಿವಾಗಿಸಲು ಸ್ಪರ್ಶಕ್ಕೆ ಹೊರತಾದ ಜ್ಞಾತೃವೊಬ್ಬ ಬೇಕೇ, ಮತ್ತು ಜ್ಞಾತೃವಿಲ್ಲದೆಡೆ ಕಾಣುವ ಈ ಹೊಂದಿಕೊಳ್ಳುವ ನಡವಳಿಕೆಗೆ ಯಾವ ಹೆಸರು ಸಲ್ಲುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಮೊದಲು ಅರಿವಾಗುವ ಬಗೆಯನ್ನು ನೋಡಬಹುದು. ದಂತರಜ್ಜುವಿನ ನಾರುಗಳ ನಡುವೆ ಕವಲೊಡೆದು ಹರಡಿಕೊಂಡಿರುವ ರಫಿನಿ ಬಗೆಯ ನರತುದಿಗಳು ಹಲ್ಲು ಕೂದಲೆಳೆಯಷ್ಟು ವಾಲಿದರೂ ಎಚ್ಚರಗೊಳ್ಳುತ್ತವೆ. ಸ್ವೀಡನ್ನಿನ ಮ್ಯಾಟ್ಸ್ ಟ್ರುಲ್ಸನ್ ಮತ್ತು ರೋಲಂಡ್ ಯೋಹಾನ್ಸನ್ ಎಚ್ಚರದಲ್ಲಿದ್ದ ಮನುಷ್ಯರ ನರತಂತುಗಳ ವಿದ್ಯುತ್ ಮಿಡಿತವನ್ನು ದಾಖಲಿಸಿ ತೋರಿಸಿದಂತೆ, ಮುಂಭಾಗದ ಹಲ್ಲುಗಳ ಈ ನರತುದಿಗಳು ಹೆಚ್ಚು ಚುರುಕಾಗಿರುವುದು 1 ನ್ಯೂಟನ್ನಿಗಿಂತ ಕಡಿಮೆ ಬಲದಲ್ಲಿ, ಅಂದರೆ 100 ಗ್ರಾಂ ತೂಕಕ್ಕಿಂತ ಕಡಿಮೆ ಭಾರದಲ್ಲಿ. ಬಲ ಅದನ್ನು ಮೀರಿ ಏರಿದಂತೆ ಅವುಗಳ ಮಿಡಿತ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಅಗಿಯುವ ಕೆಲಸಕ್ಕೆ ಇದರ ನೂರಾರು ಪಟ್ಟು ಬಲ ಬೇಕಾಗಬಹುದಾದರೂ, ಬಾಯಿಗೆ ಬಂದ ವಸ್ತು ಯಾವುದು, ಎಷ್ಟು ಗಟ್ಟಿ, ಎಲ್ಲಿ ಹಿಡಿಯಬೇಕು ಎಂಬ ತೀರ್ಮಾನ ಮೊದಲ ಹಗುರ ಸೋಕಿನಲ್ಲಿಯೇ ಆಗಿಬಿಡಬೇಕಾದ್ದರಿಂದ ಈ ಏರ್ಪಾಡು ತಕ್ಕುದಾಗಿಯೇ ಇದೆ. ಮೇಲಣ ಕೆಳಗಣ ಹಲ್ಲುಗಳ ನಡುವೆ ಇಟ್ಟ ಸುಮಾರು 20 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು ತೆಳುವಾದ ಹಾಳೆಯನ್ನೂ ಮನುಷ್ಯ ಗುರುತಿಸಬಲ್ಲ. ಹಲ್ಲಿನ ನರವೆಂದರೆ ಹಲ್ಲಿನೊಳಗಿನ ನರವೆಂದೇ ಸಾಮಾನ್ಯರ ಎಣಿಕೆ; ಆದರೆ ರೂಟ್ ಕೆನಾಲ್ ಮಾಡಿ ಒಳಗಿನ ನರ, ರಕ್ತನಾಳಗಳನ್ನೆಲ್ಲ ತೆಗೆದು ಮುಚ್ಚಿದ ಹಲ್ಲು ಕೂಡ ಕಚ್ಚಿದ ಕಲ್ಲನ್ನು ಗುರುತಿಸುತ್ತದೆ, ಏಕೆಂದರೆ ಒತ್ತಡದ ಇಂದ್ರಿಯ ಹಲ್ಲಿನ ಹೊರಗಿದೆ. ಸ್ಪರ್ಶಕ್ಕೆ ಮಾಂಸವು ಮಾಧ್ಯಮ ಮಾತ್ರ, ನಿಜವಾದ ಇಂದ್ರಿಯ ಬೇರೆಡೆ ಇದೆ ಎಂದು ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲ್ ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ ವಾದಿಸಿದ್ದಾನೆ. ಅವನು ಮಾಧ್ಯಮದ ಒಳಗೆ, ಎದೆಯ ಕಡೆಗೆ ಹುಡುಕಿದ ಇಂದ್ರಿಯ ಹಲ್ಲಿನ ಮಟ್ಟಿಗೆ ಮಾಧ್ಯಮದ ಹೊರಸುತ್ತಿನಲ್ಲಿಯೇ ಇದೆ ಎಂಬುದು ಅವನಿಗೆ ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ, ವಾದದ ಆಕಾರ ಮಾತ್ರ ಸರಿಯಾಗಿ ಹೊಂದುತ್ತದೆ.

ಇನ್ನು ಅರಿವಾಗದ ಬಗೆ. ದಂತರಜ್ಜುವಿನಲ್ಲಿ ಅತಿ ಹೆಚ್ಚಾಗಿರುವ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು, ಅಂದರೆ ನಾರನ್ನು ನೇಯುವ ಮತ್ತು ಹಳೆಯ ನಾರನ್ನು ಕರಗಿಸುವ ಕೋಶಗಳು, ತಮ್ಮ ಸುತ್ತಣ ನಾರುಗಳನ್ನು ಇಂಟೆಗ್ರಿನ್ ಎಂಬ ಪ್ರೋಟೀನುಗಳಿಂದ ಹಿಡಿದುಕೊಂಡಿರುತ್ತವೆ. ಇಂಟೆಗ್ರಿನ್ನಿನ ಹೊರತುದಿ ನಾರಿಗೂ ಒಳತುದಿ ಕೋಶದ ಒಳಗಿನ ಎಳೆಗಳ ಚೌಕಟ್ಟಿಗೂ ಜೋಡಿಸಿಕೊಂಡಿರುವುದರಿಂದ, ನಾರು ಎಳೆದಾಗ ಕೋಶದ ಆಕಾರವೇ ಬದಲಾಗಿ, ಆ ಬದಲಾವಣೆ ಎಳೆಗಳ ಮೂಲಕ ಕೋಶಕೇಂದ್ರದವರೆಗೆ ಸಾಗಿ, ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತದೆ. ಇದರ ಜೊತೆಗೆ ಕೋಶಪೊರೆಯಲ್ಲಿಯೇ ಒತ್ತಡಕ್ಕೆ ತೆರೆದುಕೊಳ್ಳುವ ಬಾಗಿಲುಗಳಿವೆ. ಅವುಗಳಲ್ಲಿ ಮುಖ್ಯವಾದ ಪಿಯೆಜೊ ಎಂಬ ಪ್ರೋಟೀನುಗಳನ್ನು ಬರ್ಟ್ರಾಂಡ್ ಕೋಸ್ಟ್ ಮತ್ತು ಆರ್ಡೆಮ್ ಪಟಪೂಟಿಯನ್ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ 2010ರಲ್ಲಿ ಗುರುತಿಸಿದರು: ಸೂಕ್ಷ್ಮ ಕಡ್ಡಿಯಿಂದ ಚುಚ್ಚಿದಾಗ ವಿದ್ಯುತ್ ಮಿಡಿತ ತೋರುವ ಒಂದು ಬಗೆಯ ಕೋಶಗಳನ್ನು ಆರಿಸಿಕೊಂಡು, ಶಂಕೆಗೆ ಒಳಗಾದ 72 ವಂಶವಾಹಿಗಳನ್ನು ಒಂದೊಂದಾಗಿ ಮೌನಗೊಳಿಸುತ್ತ ಹೋಗಿ, ಯಾವುದನ್ನು ಮೌನಗೊಳಿಸಿದಾಗ ಕೋಶ ಚುಚ್ಚಿದರೂ ಮಿಡಿಯದಾಯಿತೋ ಅದನ್ನು ಹಿಡಿದರು. ಪಟಪೂಟಿಯನ್ ಅವರಿಗೆ ಡೇವಿಡ್ ಜೂಲಿಯಸ್ ಅವರೊಂದಿಗೆ 2021ರ ವೈದ್ಯವಿಜ್ಞಾನದ ನೊಬೆಲ್ ದೊರೆತದ್ದು ಸ್ಪರ್ಶ ಮತ್ತು ತಾಪದ ಗ್ರಾಹಕಗಳ ಈ ಶೋಧಗಳಿಗಾಗಿ. ಮೂರು ಅಲಗುಗಳುಳ್ಳ ಪಿಯೆಜೊ ಪೊರೆ ಬಿಗಿಯಾದಾಗ ಚಪ್ಪಟೆಯಾಗಿ ತೆರೆದುಕೊಂಡು, ಕ್ಯಾಲ್ಸಿಯಮ್ ಮುಂತಾದ ಅಯಾನುಗಳನ್ನು ಒಳಬಿಟ್ಟು, ಒತ್ತಡ ಮುಂದುವರಿದರೂ ಸೆಕೆಂಡಿನ ಕಿರುಭಾಗದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಇಲ್ಲಿ ಮರೆಯಬಾರದ ಮಾತೆಂದರೆ, ಚರ್ಮದಲ್ಲಿ ಸ್ಪರ್ಶದ ಅರಿವಿಗೆ ಕಾರಣವಾಗುವ ನರಗಳಲ್ಲಿರುವುದೂ ಇದೇ ಕುಟುಂಬದ ಪ್ರೋಟೀನು. ಬಾಗಿಲು ಒಂದೇ ಜಾತಿಯದು. ಒಂದರ ಹಿಂದೆ ನೋಡುವವನಿದ್ದಾನೆ, ಇನ್ನೊಂದರ ಹಿಂದೆ ಇಲ್ಲ.

ಹಲ್ಲಿಗೆ ಕ್ಲಿಪ್ ಹಾಕಿಸುವ ಚಿಕಿತ್ಸೆ ನಿಂತಿರುವುದು ಈ ಎರಡನೆಯ ಬಗೆಯ ಮೇಲೆ. ತಂತಿ ಹಲ್ಲನ್ನು ಒಂದು ಕಡೆಗೆ ಒತ್ತಿದಾಗ ಆ ಬದಿಯ ದಂತರಜ್ಜು ಅದುಮಿಕೊಂಡು, ಅಲ್ಲಿನ ಕೋಶಗಳು ಪ್ರೋಸ್ಟಾಗ್ಲಾಂಡಿನ್ ಮುಂತಾದ ಸಂದೇಶ ರಾಸಾಯನಿಕಗಳನ್ನು ಹೊರಬಿಟ್ಟು, ರಕ್ತದಿಂದ ಬಂದ ಕೋಶಗಳು ಒಂದಕ್ಕೊಂದು ಕೂಡಿ ಮೂಳೆ ಕರಗಿಸುವ ದೊಡ್ಡ ಕೋಶಗಳಾಗುವಂತೆ ಮಾಡುತ್ತವೆ. ಎದುರು ಬದಿಯಲ್ಲಿ ನಾರು ಹಿಗ್ಗಿ, ಮೂಳೆ ಕಟ್ಟುವ ಕೋಶಗಳು ಹೊಸ ಪದರಗಳನ್ನು ಹಾಕುತ್ತವೆ. ಹೀಗೆ ಗುಳಿಯೇ ಸರಿಯುತ್ತ ಹೋಗುವುದರಿಂದ ಹಲ್ಲು ಸಾಮಾನ್ಯವಾಗಿ ತಿಂಗಳಿಗೆ 1 ಮಿಲಿಮೀಟರಿನಷ್ಟು ಚಲಿಸುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 20ನೆಯ ಶತಮಾನದ ಆರಂಭದಲ್ಲಿ ನಾಯಿಯ ಹಲ್ಲುಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಈ ಎರಡು ಬದಿಗಳ ವ್ಯತ್ಯಾಸವನ್ನು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದ್ದಲ್ಲದೆ, ಬಲ ವಿಪರೀತವಾದರೆ ಅದುಮಿದ ಭಾಗದಲ್ಲಿ ಕೋಶಗಳೇ ಸತ್ತು ಅಂಗಾಂಶ ಗಾಜಿನಂತೆ ನಿರ್ಜೀವವಾಗುವುದನ್ನೂ ಕಂಡಿದ್ದ. ಆಸ್ಟ್ರಿಯದ ಶ್ವಾರ್ಟ್ಸ್ 1932ರಲ್ಲಿ, ಹಿತವಾದ ಬಲವು ಲೋಮನಾಳಗಳ ರಕ್ತದೊತ್ತಡವನ್ನು, ಅಂದರೆ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಅನ್ನು ಮೀರಬಾರದು ಎಂದು ಸೂಚಿಸಿದ. ಆ ಅಂಕಿಯನ್ನು ಇಂದು ಯಾರೂ ಅಕ್ಷರಶಃ ಹಿಡಿಯುವುದಿಲ್ಲವಾದರೂ ಅದರ ಹಿಂದಿನ ಅರಿವು ಉಳಿದಿದೆ: ಕೆಲಸ ಮಾಡುವುದು ತಂತಿಯಲ್ಲ, ಜೀವಂತ ಕೋಶಗಳು, ಅವುಗಳ ಉಸಿರು ನಿಲ್ಲಿಸಿದರೆ ಹಲ್ಲೂ ನಿಲ್ಲುತ್ತದೆ.

ಭಾರತೀಯ ದರ್ಶನಗಳ ಮುಂದೆ ಈ ಸಂಗತಿಯನ್ನಿಟ್ಟರೆ ಮೊದಲು ಮಾತನಾಡಬೇಕಾದವನು ಚರಕ. ಅವನ ಸಂಹಿತೆಯ ಸೂತ್ರಸ್ಥಾನದಲ್ಲಿ ಸ್ಪರ್ಶನೇಂದ್ರಿಯವು ಉಳಿದೆಲ್ಲ ಇಂದ್ರಿಯಗಳನ್ನು ವ್ಯಾಪಿಸಿದೆ ಮತ್ತು ಮನಸ್ಸಿನೊಂದಿಗೆ ಸಮವಾಯ ಎಂಬ ಬಿಡಿಸಲಾಗದ ಸಂಬಂಧವನ್ನು ಹೊಂದಿದೆ ಎಂಬ ನಿಲುವಿದೆ. ವಿಷಯಕ್ಕೆ ತಾಗದೆ ಕಣ್ಣಾದರೂ ಕಿವಿಯಾದರೂ ಗ್ರಹಿಸಲಾರದು, ತಾಗುವುದೆಂದರೆ ಸ್ಪರ್ಶವೇ ಎಂಬುದು ಅದರ ಹಿಂದಿನ ವಿಚಾರ. ಇಂದ್ರಿಯ ಒಂದೇ, ಅದು ತ್ವಕ್ಕೇ ಎಂಬ ಇದಕ್ಕೆ ಹತ್ತಿರದ ಪಕ್ಷವೊಂದು ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಪೂರ್ವಪಕ್ಷವಾಗಿ ಬಂದು ಖಂಡನೆಗೆ ಒಳಗಾಗುತ್ತದೆ. ಖಂಡಿಸಿದ ಬಳಿಕವೂ ನೈಯಾಯಿಕರು ತ್ವಕ್ಕಿಗೆ ಒಂದು ವಿಶೇಷ ಸ್ಥಾನವನ್ನು ಬಿಟ್ಟುಕೊಟ್ಟರೆಂಬುದು ಗಮನಾರ್ಹ: 17ನೆಯ ಶತಮಾನದ ವಿಶ್ವನಾಥ ಪಂಚಾನನನ ಗ್ರಂಥದಲ್ಲಿ ಕಾಣುವಂತೆ, ಯಾವುದೇ ಜ್ಞಾನ ಹುಟ್ಟಬೇಕಾದರೂ ಮನಸ್ಸಿಗೆ ತ್ವಗಿಂದ್ರಿಯದೊಡನೆ ಸಂಯೋಗವಿರಬೇಕು. ಗಾಢನಿದ್ರೆಯಲ್ಲಿ ಮನಸ್ಸು ಪುರೀತತ್ ಎಂಬ ನಾಡಿಯನ್ನು ಹೊಕ್ಕಾಗ ಅಲ್ಲಿ ತ್ವಕ್ಕಿನ ನಂಟು ಇಲ್ಲವಾದ್ದರಿಂದ ಏನನ್ನೂ ಅರಿಯದ ಸ್ಥಿತಿ ಉಂಟಾಗುತ್ತದೆ. ಈ ವಿವರಣೆಯನ್ನು ಶರೀರಶಾಸ್ತ್ರವಾಗಿ ಓದಬೇಕಿಲ್ಲ. ಸ್ಪರ್ಶದ ಸ್ಥಳದಲ್ಲಿ ಏನು ನಡೆದರೂ ಮನಸ್ಸಿನ ಸಂಯೋಗವಿಲ್ಲದೆ ಅದು ಜ್ಞಾನವಾಗದು ಎಂಬ ತಾರ್ಕಿಕ ಷರತ್ತಾಗಿ ಓದಿದರೆ ಸಾಕು. ಕ್ಲಿಪ್ ಹಾಕಿಸಿಕೊಂಡವನು ನಿದ್ರಿಸುತ್ತಿರುವಾಗಲೂ ಅವನ ಹಲ್ಲು ಸರಿಯುತ್ತಲೇ ಇರುತ್ತದೆ. ನೈಯಾಯಿಕನ ಲೆಕ್ಕದಲ್ಲಿ ಆಗ ಅಲ್ಲಿ ಒತ್ತಡವಿದೆ, ವಿಕಾರವಿದೆ, ಜ್ಞಾನವಿಲ್ಲ. ನರದ ಮಟ್ಟಿಗೆ ಈ ಉತ್ತರ ಚೆನ್ನಾಗಿ ಹೊಂದುತ್ತದೆ. ಆದರೆ ಕೋಶದ ಮಟ್ಟಿಗೆ ಅದು ಹೇಳುವುದು ‘ಜ್ಞಾನವಲ್ಲ’ ಎಂಬಷ್ಟನ್ನೇ. ಏನು ಎಂಬುದನ್ನು ಹೇಳುವುದಿಲ್ಲ.

ಹೇಳುವ ಧೈರ್ಯ ಮಾಡಿದವರು ಜೈನರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಇಂದ್ರಿಯಗಳ ಸಂಖ್ಯೆಗನುಗುಣವಾಗಿ ಜೀವಗಳನ್ನು ವರ್ಗೀಕರಿಸುವಾಗ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಏಕೇಂದ್ರಿಯ ಜೀವಗಳನ್ನು, ಅಂದರೆ ಪೃಥ್ವಿ, ಜಲ, ಅಗ್ನಿ, ವಾಯುಗಳನ್ನು ದೇಹವಾಗಿ ಉಳ್ಳವನ್ನೂ ಸಸ್ಯಗಳನ್ನೂ ಇರಿಸುತ್ತದೆ. ಅವುಗಳಿಗಿರುವ ಆ ಒಂದೇ ಇಂದ್ರಿಯ ಸ್ಪರ್ಶ. ಜೀವವಿದ್ದೆಡೆ ಸ್ಪರ್ಶವಿದ್ದೇ ಇದೆ, ಬೇರೆ ಇಂದ್ರಿಯಗಳು ಆಮೇಲಿನವು ಎಂಬ ಈ ಮಾತಿಗೂ, ಬ್ಯಾಕ್ಟೀರಿಯಾದಿಂದ ಹಿಡಿದು ಮನುಷ್ಯನವರೆಗೆ ಕೋಶಪೊರೆಗಳಲ್ಲಿ ಬಿಗಿತವನ್ನು ಗ್ರಹಿಸುವ ಬಾಗಿಲುಗಳಿರುವ ಇಂದಿನ ತಿಳಿವಳಿಕೆಗೂ ಹೋಲಿಕೆ ಎದ್ದು ಕಾಣುತ್ತದೆ. ಹೋಲಿಕೆ ಕಂಡಕೂಡಲೇ ಸಂಭ್ರಮಪಡುವವರು ಅನೇಕರು. ಆದರೆ ಜೈನಾಗಮಗಳು ಮನುಷ್ಯದೇಹದ ಕೋಶಗಳನ್ನು ಕುರಿತು ಮಾತನಾಡುತ್ತಿಲ್ಲ, ಅವುಗಳ ಗಮನವಿರುವುದು ಹಿಂಸೆಯ ವ್ಯಾಪ್ತಿ ಎಷ್ಟು ಎಂಬುದರ ಮೇಲೆ. ಹಲ್ಲುಜ್ಜದಿರುವುದು ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಒಂದು ಎಂಬುದನ್ನು ಬಲ್ಲವರು ಅದನ್ನು ಸೂಕ್ಷ್ಮಜೀವಿಶಾಸ್ತ್ರದ ಮುನ್ಸೂಚನೆಯೆಂದು ವಿವರಿಸಲು ಹೊರಟರೆ, ದೇಹಸಂಸ್ಕಾರವನ್ನು ತೊರೆಯುವ ವೈರಾಗ್ಯದ ನಿಯಮವೊಂದನ್ನು ಬೇರೆಯ ಪ್ರಶ್ನೆಗೆ ಉತ್ತರವಾಗಿ ಓದಿದಂತಾಗುತ್ತದೆ. ಹೋಲಿಕೆಗಿಂತ ಬೆಲೆಯುಳ್ಳದ್ದು ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಮಾಡುವ ವಿಂಗಡಣೆ. ಅವರು ಚೇತನೆಯನ್ನು ಮೂರಾಗಿ ಒಡೆದು, ತಾನಾಗಿ ಬಂದದ್ದನ್ನು ಅನುಭವಿಸುವುದಷ್ಟೇ ಆಗಿರುವ ಕರ್ಮಫಲಚೇತನೆಯನ್ನು ಏಕೇಂದ್ರಿಯಗಳಿಗೂ, ಉದ್ದೇಶದೊಡನೆ ಮಾಡುವ ಕರ್ಮಚೇತನೆಯನ್ನು ಚಲಿಸಬಲ್ಲ ಜೀವಗಳಿಗೂ, ಶುದ್ಧವಾಗಿ ಅರಿಯುವ ಜ್ಞಾನಚೇತನೆಯನ್ನು ಮುಕ್ತರಿಗೂ ಸಲ್ಲಿಸುತ್ತಾರೆ. ಅರಿವು ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರಗಳಿಗೆ ಸಿಕ್ಕಿಕೊಳ್ಳದೆ ಅದನ್ನು ಮೆಟ್ಟಿಲುಗಳಾಗಿ ಕಂಡದ್ದು ಇಲ್ಲಿನ ಹಿರಿಮೆ. ಆದರೆ ದಂತರಜ್ಜುವಿನ ಕೋಶ ಈ ಮೆಟ್ಟಿಲುಗಳಲ್ಲಿ ಸರಿಯಾಗಿ ಕೂರುವುದಿಲ್ಲ: ಅದು ಸುಮ್ಮನೆ ಅನುಭವಿಸುವುದಿಲ್ಲ, ಮೂಳೆಯನ್ನು ಕರಗಿಸಿ ಕಟ್ಟುವ ಕೆಲಸಕ್ಕೆ ಕಾರಣವಾಗುತ್ತದೆ, ಕೆಲಸ ಮಾಡಿದರೂ ಅದಕ್ಕೆ ತನ್ನದೆಂಬ ಉದ್ದೇಶವಿದೆ ಎನ್ನಲಾಗದು. ಜೊತೆಗೆ ಅದಕ್ಕೊಂದು ಪ್ರತ್ಯೇಕ ಜೀವವನ್ನು ಒಪ್ಪಬೇಕಾದ ಭಾರವೂ ಬೀಳುತ್ತದೆ.

ಹೆಚ್ಚು ನೆರವಾಗುವ ಪರಿಭಾಷೆ ವೈಶೇಷಿಕರಲ್ಲಿದೆ, ಅದೂ ಜ್ಞಾನದ ಪ್ರಕರಣದಲ್ಲಿ ಅಲ್ಲ, ಸಂಸ್ಕಾರದ ಪ್ರಕರಣದಲ್ಲಿ. ಸಂಸ್ಕಾರವೆಂದರೆ ಇಲ್ಲಿ ಹಿಂದೆ ನಡೆದದ್ದು ದ್ರವ್ಯದಲ್ಲಿ ಉಳಿದು ಮುಂದಿನದಕ್ಕೆ ಕಾರಣವಾಗುವ ಗುಣ. ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕದ ಮೊದಲ ಪಾಠವಾಗಿ ಓದುವ ಅನ್ನಂಭಟ್ಟನ ತರ್ಕಸಂಗ್ರಹ ಅದನ್ನು ಮೂರೆಂದು ಹೇಳುತ್ತದೆ. ಬಿಟ್ಟ ಬಾಣ ಮುಂದೆ ಸಾಗುತ್ತಲೇ ಇರಲು ಕಾರಣವಾದದ್ದು ವೇಗ. ಅನುಭವದಿಂದ ಹುಟ್ಟಿ ನೆನಪಿಗೆ ಕಾರಣವಾಗುವ, ಆತ್ಮದಲ್ಲಿ ಮಾತ್ರ ಇರುವ ಗುಣ ಭಾವನಾ. ಬಗ್ಗಿಸಿದ್ದನ್ನು ಮೊದಲಿನ ಸ್ಥಿತಿಗೆ ಮರಳಿಸುವುದು ಸ್ಥಿತಿಸ್ಥಾಪಕ. ಈ ಕೊನೆಯದಕ್ಕೆ ಸುಮಾರು 6ನೆಯ ಶತಮಾನದ ಪ್ರಶಸ್ತಪಾದ ಕೊಡುವ ಉದಾಹರಣೆಗಳ ಪಟ್ಟಿಯಲ್ಲಿ ಬಿಲ್ಲು, ಮರದ ಕೊಂಬೆಗಳ ಜೊತೆಗೆ ದಂತ ಮತ್ತು ಮೂಳೆಯೂ ಸೇರಿರುವುದು ಈ ಚರ್ಚೆಗೆ ಒದಗಿಬಂದ ಅದೃಷ್ಟ. ಆ ದಂತ ಆನೆಯದಾಗಿರುವ ಸಂಭವವೇ ಹೆಚ್ಚು ಎಂಬುದು ಬೇರೆ ಮಾತು. ಭೌತದ್ರವ್ಯದಲ್ಲಿಯೂ ‘ಹಿಂದಿನದು ಉಳಿಯುವಿಕೆ’ ಇದೆ, ಆತ್ಮದಲ್ಲಿಯೂ ಇದೆ, ಅವೆರಡೂ ಒಂದೇ ಗುಣದ ಪ್ರಭೇದಗಳು ಎಂದು ಒಪ್ಪಿದ ಈ ವಿಂಗಡಣೆಯಷ್ಟು ಮುಕ್ತವಾದ ಆರಂಭ ಬೇರೆ ದರ್ಶನಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಈಗ ಹಲ್ಲನ್ನು ಈ ಮೂರರ ಮುಂದೆ ನಿಲ್ಲಿಸಬಹುದು. ಕಚ್ಚಿದ ಕ್ಷಣದಲ್ಲಿ ಹಲ್ಲು ಗುಳಿಯೊಳಗೆ ಕೊಂಚ ಇಳಿದು, ಬಿಟ್ಟಾಗ ನಾರಿನ ಬಿಗಿತದಿಂದಲೂ ಅಂಗಾಂಶದ ದ್ರವದ ಒತ್ತಡದಿಂದಲೂ ಮೇಲೆ ಬರುವುದು ನಿಸ್ಸಂಶಯವಾಗಿ ಸ್ಥಿತಿಸ್ಥಾಪಕ. ಕಲ್ಲು ಕಡಿದವನು ಮುಂದಿನ ತುತ್ತನ್ನು ಎಚ್ಚರದಿಂದ ಅಗಿಯುವುದು ನಿಸ್ಸಂಶಯವಾಗಿ ಭಾವನಾ. ಆದರೆ ಒಂದೇ ದಿಕ್ಕಿನ ಹಗುರ ಒತ್ತಡ ವಾರಗಟ್ಟಲೆ ಉಳಿದಾಗ ಗುಳಿ ತನ್ನನ್ನೇ ಬೇರೆಡೆ ಕಟ್ಟಿಕೊಳ್ಳುವುದು ಇವೆರಡರಲ್ಲಿ ಯಾವುದೂ ಅಲ್ಲ. ಸ್ಥಿತಿಸ್ಥಾಪಕದ ಲಕ್ಷಣ ಹಿಂದಿನ ಸ್ಥಿತಿಗೆ ಮರಳಿಸುವುದು. ಇಲ್ಲಿ ಹೊಸ ಸ್ಥಿತಿ ಸ್ಥಾಪಿತವಾಗುತ್ತದೆ. ಭಾವನೆಯ ಲಕ್ಷಣ ಅನುಭವದಿಂದ ಹುಟ್ಟಿ ಸ್ಮೃತಿಯಾಗುವುದು. ಇಲ್ಲಿ ಅನುಭವವೂ ಇಲ್ಲ, ಸ್ಮೃತಿಯೂ ಇಲ್ಲ, ಆದರೂ ಹಿಂದಿನ ಒತ್ತಡದ ಚರಿತ್ರೆ ಮೂಳೆಯ ಆಕಾರದಲ್ಲಿ ಉಳಿಯುತ್ತದೆ. ಚಿಕಿತ್ಸೆ ಮುಗಿದು ತಂತಿ ತೆಗೆದ ಮೇಲೆ ಹಲ್ಲು ಹಳೆಯ ಜಾಗದತ್ತ ಸರಿಯತೊಡಗುವುದು ದಂತವೈದ್ಯರಿಗೆ ಚಿರಪರಿಚಿತ; ದಂತರಜ್ಜುವಿನ ನಾರುಗಳು ಕೆಲವೇ ತಿಂಗಳಲ್ಲಿ ಹೊಸದಾಗಿ ಹೊಂದಿಕೊಂಡರೂ ಒಸಡಿನ ಸ್ಥಿತಿಸ್ಥಾಪಕ ನಾರುಗಳು ಹೆಚ್ಚು ಕಾಲ ಹಿಂದಕ್ಕೆಳೆಯುವುದರಿಂದ, ರಿಟೇನರ್ ಎಂಬ ಹಿಡಿಕೆಯನ್ನು ಧರಿಸಬೇಕಾಗುತ್ತದೆ. ಒಂದೇ ಹಲ್ಲಿನ ಸುತ್ತ ಎರಡು ಸಂಸ್ಕಾರಗಳು ಎದುರುಬದುರಾಗಿ ಎಳೆದಾಡುವ ಈ ಸ್ಥಿತಿಯಲ್ಲಿ ಅವು ಬೇರೆಬೇರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಮರಳಿಸುವ ಸಂಸ್ಕಾರಕ್ಕೂ ನೆನೆಯುವ ಸಂಸ್ಕಾರಕ್ಕೂ ನಡುವೆ, ಅರಿಯದೆಯೇ ಹೊಂದಿಸುವ ನಾಲ್ಕನೆಯ ಸಂಸ್ಕಾರವೊಂದಕ್ಕೆ ಜಾಗವಿದೆ; ಪಟ್ಟಿಯಲ್ಲಿ ಆ ಜಾಗ ಖಾಲಿ ಉಳಿದಿದೆ.

ಖಾಲಿ ಜಾಗವನ್ನು ತುಂಬುವ ಮೊದಲು ಎದುರಿಸಬೇಕಾದ ಆಕ್ಷೇಪವೊಂದಿದೆ. ಹೊಂದಿಸುವುದು ಎಂದಾಗ ಯಾವುದಕ್ಕೋ ತಕ್ಕಂತೆ ಎಂಬ ಅರ್ಥ ಸೇರಿಕೊಳ್ಳುತ್ತದೆ, ತಕ್ಕುದು ಎಂಬುದನ್ನು ತಿಳಿದವನಿಲ್ಲದೆ ತಕ್ಕಂತೆ ನಡೆಯುವುದು ಹೇಗೆ? ಸಾಂಖ್ಯಕ್ಕೂ ವೇದಾಂತಕ್ಕೂ ನಡೆದ ಪ್ರಸಿದ್ಧ ವಾದ ಇದೇ. ಅಚೇತನವಾದ ಹಾಲು ಕರುವಿನ ಬೆಳವಣಿಗೆಗಾಗಿ ಒಸರುವಂತೆ ಅಚೇತನವಾದ ಪ್ರಕೃತಿ ಪುರುಷನ ಮೋಕ್ಷಕ್ಕಾಗಿ ಪ್ರವರ್ತಿಸುತ್ತದೆ ಎಂದು ಈಶ್ವರಕೃಷ್ಣನ ಸಾಂಖ್ಯಕಾರಿಕೆ ಹೇಳಿದರೆ, ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು, ಹಾಲು ಒಸರುವುದು ಕರುವಿನ ಮೇಲೆ ಪ್ರೀತಿಯುಳ್ಳ ಚೇತನವಾದ ಹಸುವಿನಿಂದಲೇ ಹೊರತು ತಾನಾಗಿ ಅಲ್ಲ, ಹುಲ್ಲು ಹಾಲಾಗುವುದೂ ಹಸು ತಿಂದಾಗಲೇ ಹೊರತು ಎತ್ತು ತಿಂದಾಗ ಅಲ್ಲ ಎಂದು ಉತ್ತರಿಸುತ್ತಾರೆ. ಶಂಕರರ ಉತ್ತರದ ಎರಡನೆಯ ಭಾಗ ಮೊದಲನೆಯದಕ್ಕಿಂತ ಬಲವಾದದ್ದು. ಪ್ರೀತಿಯಿಂದ ಹಾಲು ಬರುತ್ತದೆ ಎನ್ನುವಾಗ ಅವರು ನಿಮಿತ್ತವನ್ನು ಚೇತನದಲ್ಲಿ ಇಡುತ್ತಾರೆ. ಹಸುವಿನಲ್ಲಿ ಆಗುವುದು ಎತ್ತಿನಲ್ಲಿ ಆಗದು ಎನ್ನುವಾಗ ನಿಮಿತ್ತವನ್ನು ಇಡೀ ಶರೀರದ ರಚನೆಯಲ್ಲಿ ಇಡುತ್ತಾರೆ, ಇದು ಅರಿವನ್ನು ಅಪೇಕ್ಷಿಸುವುದಿಲ್ಲ. ದಂತರಜ್ಜುವಿಗೆ ಸಲ್ಲುವುದು ಈ ಎರಡನೆಯ ಬಗೆಯ ಉತ್ತರ. ಅದೇ ಒತ್ತಡ ರಜ್ಜುವಿಲ್ಲದೆ ಮೂಳೆಗೆ ಬೆಸೆದುಹೋದ ಹಲ್ಲಿನ ಮೇಲೆ ಬಿದ್ದರೆ ಹಲ್ಲು ಸರಿಯುವುದಿಲ್ಲ. ಪೆಟ್ಟು ಬಿದ್ದು ರಜ್ಜು ನಾಶವಾದ ಹಲ್ಲುಗಳಲ್ಲಿ ಇದು ಕಂಡುಬರುತ್ತದೆ. ತಕ್ಕುದನ್ನು ತಿಳಿದವನು ಒಳಗೆ ಕುಳಿತಿರಬೇಕಿಲ್ಲ. ತಕ್ಕುದಲ್ಲದ್ದು ನಡೆದಾಗ ಉಳಿಯಲಾರದಂಥ ರಚನೆ ಇದ್ದರೆ ಸಾಕು ಎನ್ನಬಹುದು.

ಹಾಗಾದರೆ ಕೋಶದ ನಡವಳಿಕೆಗೂ ಅರಿವಿಗೂ ಇರುವ ವ್ಯತ್ಯಾಸ ಕೇವಲ ಮಟ್ಟದ್ದೇ ಎಂಬ ಸಂದೇಹ ಮೇಲೇಳುತ್ತದೆ. ಇದಕ್ಕೆ ಪ್ರಮಾಣಶಾಸ್ತ್ರದ ಬಾಧ ಎಂಬ ಪರಿಕಲ್ಪನೆ ಒಳ್ಳೆಯ ಒರೆಗಲ್ಲು. ಹಗ್ಗವನ್ನು ಹಾವೆಂದು ಕಂಡ ಜ್ಞಾನವನ್ನು ‘ಇದು ಹಾವಲ್ಲ’ ಎಂಬ ಮುಂದಿನ ಜ್ಞಾನ ತಳ್ಳಿಹಾಕುವುದೇ ಬಾಧ. ತಪ್ಪಾಗಬಲ್ಲದ್ದು ಮತ್ತು ತಪ್ಪೆಂದು ತಿಳಿಯಬಲ್ಲದ್ದು ಮಾತ್ರ ಜ್ಞಾನದ ವರ್ಗಕ್ಕೆ ಸೇರುತ್ತದೆ. ದಂತವೈದ್ಯರ ಕುರ್ಚಿಯಲ್ಲಿ ಸ್ಪರ್ಶಭ್ರಮೆಗೆ ಸುಲಭದ ಉದಾಹರಣೆ ಸಿಗುತ್ತದೆ: ಜೋಮು ಹಿಡಿಯುವ ಚುಚ್ಚುಮದ್ದು ಕೊಟ್ಟ ಮೇಲೆ ತುಟಿ ಊದಿಕೊಂಡು ದಪ್ಪವಾದಂತೆ ತೋರುತ್ತದೆ, ಕನ್ನಡಿ ನೋಡಿದಾಗ ಹಾಗಿಲ್ಲವೆಂದು ತಿಳಿಯುತ್ತದೆ, ತಿಳಿದ ಮೇಲೂ ತೋರಿಕೆ ಉಳಿಯುತ್ತದೆ. ತೋರಿಕೆ ಉಳಿದೂ ಅದು ತಪ್ಪೆಂಬ ನಿಶ್ಚಯ ಹುಟ್ಟುವ ಈ ಜಾಗದಲ್ಲಿಯೇ ಜ್ಞಾತೃ ಕಾಣಿಸಿಕೊಳ್ಳುತ್ತಾನೆ. ಕೋಶಕ್ಕೆ ಇಂಥ ಜಾಗವಿಲ್ಲ. ಕ್ಲಿಪ್ಪಿನ ತಂತಿ ಒತ್ತಿದಾಗಲೂ ನಾಲಗೆ ಒತ್ತಿದಾಗಲೂ ಪಕ್ಕದ ಹಲ್ಲು ಒತ್ತಿದಾಗಲೂ ಅದು ಅದೇ ಬಗೆಯಲ್ಲಿ ನಡೆದುಕೊಳ್ಳುತ್ತದೆ. ಕೃತಕ ತಂತಿಯಿಂದ ಅದು ಮೋಸಹೋಯಿತು ಎನ್ನುವುದು ಹೊರಗೆ ನಿಂತು ನೋಡುವವರ ಮಾತು. ಮೋಸವೆಂಬುದು ಅದಕ್ಕೆ ಎಂದೂ ಬಯಲಾಗದು. ಬಲ ಅತಿಯಾದರೆ ಅದು ಸಾಯುತ್ತದೆ, ಆದರೆ ಸಾಯುವುದು ತಪ್ಪನ್ನು ತಿಳಿಯುವುದಲ್ಲ.

ಬೌದ್ಧರು ಇಲ್ಲಿ ನಕ್ಕಾರು. ಅವರ ಪ್ರತೀತ್ಯಸಮುತ್ಪಾದದ ಸರಪಳಿಯಲ್ಲಿ ಇಂದ್ರಿಯ, ವಿಷಯ, ವಿಜ್ಞಾನಗಳ ಕೂಡುವಿಕೆಯೇ ಸ್ಪರ್ಶ, ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ ಎಂದು ಒಂದರಿಂದೊಂದು ಹುಟ್ಟುತ್ತವೆಯೇ ಹೊರತು ಅವುಗಳ ಹಿಂದೆ ಒಬ್ಬ ಜ್ಞಾತೃವಿಲ್ಲ. ಬಾಧವೂ ಒಂದು ಜ್ಞಾನಕ್ಷಣ ಇನ್ನೊಂದನ್ನು ಹಿಂಬಾಲಿಸುವುದಷ್ಟೇ. ಈ ವಾದ ಆತ್ಮವನ್ನು ಕುರಿತು ತೂಕದ್ದು. ಆದರೆ ವಿಜ್ಞಾನವನ್ನು ಸ್ಪರ್ಶದ ಮೂರು ಅಂಗಗಳಲ್ಲಿ ಒಂದಾಗಿ ಮೊದಲೇ ಸೇರಿಸಿಕೊಂಡಿರುವುದರಿಂದ, ವಿಜ್ಞಾನವಿಲ್ಲದ ಸ್ಪರ್ಶವನ್ನು ಕುರಿತ ಪ್ರಶ್ನೆ ಅದರೊಳಗೆ ಏಳುವುದೇ ಇಲ್ಲ. ಅದನ್ನು ಇಲ್ಲಿಗೆ ಬಿಡಬಹುದು.

ಎರಡು ಸ್ಪರ್ಶಗಳು ನಿಜವಾಗಿ ಬೇರೆಯಾದರೆ ಒಂದನ್ನು ಬಿಟ್ಟು ಇನ್ನೊಂದು ಇರಬಲ್ಲದು ಎಂದು ತೋರಿಸಬೇಕು, ಮತ್ತು ಇಂದಿನ ದಂತವೈದ್ಯ ಆ ಎರಡನ್ನೂ ತೋರಿಸಬಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ನೆಟ್ಟ ಟೈಟಾನಿಯಮ್ ಇಂಪ್ಲಾಂಟ್ ಮೂಳೆಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ದಂತರಜ್ಜುವಿಲ್ಲದ ಅಂಥ ಹಲ್ಲಿನಿಂದ ಕಚ್ಚುವವನಿಗೂ ಮೂಳೆಯ ಮತ್ತು ಸುತ್ತಲಿನ ಅಂಗಾಂಶಗಳ ಮೂಲಕ ಒತ್ತಡದ ಅರಿವು ಒಂದು ಮಟ್ಟಿಗೆ ಬರುತ್ತದೆ, ಸೂಕ್ಷ್ಮತೆ ಮಾತ್ರ ಕಡಿಮೆ. ಅರಿವು ಬೇರೆ ದಾರಿ ಹಿಡಿದು ಬಂದರೂ ಹೊಂದಿಕೆ ಬರುವುದಿಲ್ಲ: ತಂತಿಯಿಂದ ಎಷ್ಟು ದಿನ ಎಳೆದರೂ ಇಂಪ್ಲಾಂಟ್ ಅಲುಗದು, ಇನ್ನೂ ಬೆಳೆಯುತ್ತಿರುವ ಮಗುವಿಗೆ ಅದನ್ನು ಹಾಕಿದರೆ ಅಕ್ಕಪಕ್ಕದ ಹಲ್ಲುಗಳು ದವಡೆಯೊಂದಿಗೆ ಬೆಳೆದು ಸಾಗುವಾಗ ಅದು ನೆಟ್ಟಲ್ಲೇ ಉಳಿದು ಹಿಂದೆ ಬೀಳುತ್ತದೆ. ಇದಕ್ಕೆ ತಿರುಗಾಗಿ, ಕ್ಲಿಪ್ ಚಿಕಿತ್ಸೆಗಾಗಿ ಕಿತ್ತ ಹಲ್ಲುಗಳ ಬೇರಿಗೆ ಅಂಟಿದ ದಂತರಜ್ಜುವಿನಿಂದ ಕೋಶಗಳನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಹಿಗ್ಗುವ ಪೊರೆಯ ಮೇಲೆ ಬೆಳೆಸಿ, ಪೊರೆಯನ್ನು ಎಳೆದಾಗ ಅವು ಬಾಯಿಯಲ್ಲಿದ್ದಾಗಿನಂತೆಯೇ ಸಂದೇಶ ರಾಸಾಯನಿಕಗಳನ್ನು ಹೊರಬಿಡುತ್ತವೆ. ಹಲ್ಲಿನ ಒಡೆಯನಿಗೆ ಅದರ ಸುಳಿವೂ ಇರುವುದಿಲ್ಲ.

ನಾಲ್ಕನೆಯ ಸಂಸ್ಕಾರಕ್ಕೆ ಆಶ್ರಯವಾದ ದ್ರವ್ಯ ಯಾವುದು ಎಂಬ ಪ್ರಶ್ನೆ ಕಠಿಣವಾಗುವುದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಈ ಕೋಶಗಳಲ್ಲಿಯೇ. ವೈಶೇಷಿಕರು ಪ್ರಯತ್ನವನ್ನು ಇಚ್ಛೆ ಅಥವಾ ದ್ವೇಷದಿಂದ ಹುಟ್ಟುವುದು ಮತ್ತು ಜೀವನಪೂರ್ವಕವಾದುದು, ಅಂದರೆ ಬದುಕಿರುವುದರಿಂದಲೇ ನಡೆಯುವುದು ಎಂದು ಎರಡಾಗಿ ಒಡೆದು, ನಿದ್ರಿಸುವವನ ಉಸಿರಾಟವನ್ನು ಎರಡನೆಯದಕ್ಕೆ ಒಪ್ಪಿಸುತ್ತಾರೆ. ನಿದ್ರಿಸುವವನ ಹಲ್ಲು ಸರಿಯುವುದನ್ನೂ ಅದಕ್ಕೇ ಒಪ್ಪಿಸಬಹುದಿತ್ತು. ಆದರೆ ಆ ಪ್ರಯತ್ನವೂ ಅವರಲ್ಲಿ ಆತ್ಮದ ಗುಣ, ಅದಕ್ಕೆ ಆತ್ಮ ಮತ್ತು ಮನಸ್ಸುಗಳ ಸಂಯೋಗ ಬೇಕು, ತಟ್ಟೆಯಲ್ಲಿ ಯಾರ ಆತ್ಮ, ಯಾರ ಮನಸ್ಸು? ಚೇತನನು ತನ್ನ ಪ್ರಯೋಜನಕ್ಕಾಗಿ ನಿಯಂತ್ರಿಸುವ, ಧರಿಸುವ ಮತ್ತು ಅವನಿಗೆ ಶೇಷವಾಗಿರುವುದೇ ಸ್ವರೂಪವಾಗಿರುವ ದ್ರವ್ಯ ಶರೀರ ಎಂಬ ರಾಮಾನುಜರ ಲಕ್ಷಣದಂತೆ ನೋಡಿದರೆ, ಕಿತ್ತ ಹಲ್ಲಿನ ಈ ಕೋಶಗಳು ಯಾರ ಶರೀರವೂ ಆಗಿ ಉಳಿದಿಲ್ಲ. ಜೈನರು ಮಾತ್ರ ಇಲ್ಲಿ ತಡವರಿಸದೆ ಪ್ರತಿಯೊಂದಕ್ಕೂ ಒಂದು ಜೀವವನ್ನು ಕೊಡಬಲ್ಲರು, ಆಗ ಪ್ರಯೋಗಾಲಯದ ಪ್ರತಿ ತಟ್ಟೆಯೂ ಹಿಂಸೆಯ ಲೆಕ್ಕಕ್ಕೆ ಬರುತ್ತದೆ. ಆ ಬೆಲೆಯನ್ನು ತೆರಲು ಸಿದ್ಧರಿಲ್ಲದವರು ಸಂಸ್ಕಾರವನ್ನು ಪೃಥ್ವಿಯೇ ಮೊದಲಾದ ಭೌತದ್ರವ್ಯದಲ್ಲಿಯೇ ಇರಿಸಿ, ಜೀವಂತ ರಚನೆಯುಳ್ಳ ಭೌತದ್ರವ್ಯಕ್ಕೆ ಆತ್ಮಸಂಯೋಗವಿಲ್ಲದೆಯೂ ಹೊಂದಿಸುವ ಗುಣವೊಂದು ಇರಬಲ್ಲದು ಎಂದು ಒಪ್ಪಬೇಕಾಗುತ್ತದೆ. ಉಸಿರು ಆಡುವುದರಿಂದಲೇ ಆತ್ಮವನ್ನು ಅನುಮಾನದಿಂದ ಸಾಧಿಸುವ, ವೈಶೇಷಿಕ ಸೂತ್ರಕಾರ ಕಣಾದನ ಹಳೆಯ ಯುಕ್ತಿಯನ್ನು ಆಗ ಮೊದಲಿನಿಂದ ಪರೀಕ್ಷಿಸಬೇಕಾಗಿ ಬರುತ್ತದೆ.